ನಾಲ್ಕನೆಯ ಹಾಡಿನ ಉಸಿರು

ನನ್ನ ಮಗಳ ಆಲ್ಬಮ್ ಬಿಡುಗಡೆಗೆ ಬಂದವರೆಲ್ಲ ಕೂತದ್ದು ಬೇರೆಯವರ ಕುರ್ಚಿಗಳ ಮೇಲೆ. ನಮ್ಮವರು, ಅಂದರೆ ನನ್ನ ಗಂಡ, ಬೆತ್ತದ ಕುರ್ಚಿ ಹೆಣೆಯುವವರು. ಮನೆಯ ಕೆಳಗಿನ ಉದ್ದನೆಯ ಕೋಣೆಯೇ ಅವರ ಕೆಲಸದ ಜಾಗ. ರಿಪೇರಿಗೆ ಬಂದ ಕುರ್ಚಿಗಳು ಅಲ್ಲಿ ಮೂವತ್ತಾದರೂ ಇರುತ್ತವೆ. ಒಂದೊಂದರ ಕಾಲಿಗೂ ಅದರ ಯಜಮಾನರ ಹೆಸರಿನ ಚೀಟಿ. "ಬಾಡಿಗೆ ಕುರ್ಚಿ ಯಾಕೆ ದಂಡಕ್ಕೆ? ಇವೆಲ್ಲ ಇರೋದೇ ಕೂರೋಕೆ ಅಲ್ವಾ?" ಎಂದು ಅವರೇ ಸಾಲಾಗಿ ಜೋಡಿಸಿದರು. ಆಮೇಲೆ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಎಚ್ಚರಿಕೆ ಕೊಟ್ಟದ್ದೂ ಅವರೇ. "ವಕೀಲರ ಕುರ್ಚಿ ಮೇಲೆ ಅಲ್ಲಾಡಬೇಡಿ, ಗೋಂದು ಒಣಗಿಲ್ಲ. ಆ ಎತ್ತರದ್ದರ ತಂಟೆಗೇ ಹೋಗಬೇಡಿ, ಅದಕ್ಕೆ ತಳವೇ ಇಲ್ಲ."

ಮಗಳನ್ನು ನಾವು ಪಿಟೀಲು ಎಂದು ಕರೆಯುತ್ತೇವೆ. ಕೂಸಾಗಿದ್ದಾಗ ಅವಳು ಒಂದೇ ಎಳೆಯಲ್ಲಿ ಸಣ್ಣಗೆ ಎಳೆದೆಳೆದು ಅಳುತ್ತಿದ್ದುದಕ್ಕೆ ನಮ್ಮ ಅತ್ತೆ ಇಟ್ಟ ಹೆಸರು. ಈಗ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, "ಈಗ ಓದಿ" ಎನ್ನುವುದು ಅವಳ ದಿನದ ಮಾತು. ಎರಡು ವರ್ಷದಿಂದ ಅವಳು ಆರು ಹಾಡು ಬರೆದು, ರಾಗ ಹಾಕಿ, ಮನೆಯಲ್ಲೇ ಧ್ವನಿಮುದ್ರಣ ಮಾಡಿದ್ದಳು. ಮಾಡಿದಳು ಎನ್ನುವುದಕ್ಕಿಂತ ಅಣ್ಣತಂಗಿ ಸೇರಿ ಮಾಡಿದರು ಎನ್ನಬೇಕು.

ನನ್ನ ಮಗ ಹಲ್ಲು ಮಾಡುವವನು. ವೈದ್ಯರು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಕೆಲಸ. ಮೇಣ, ಪ್ಲಾಸ್ಟರು, ಆಮೇಲೆ ಗಂಟೆಗಟ್ಟಲೆ ಉಜ್ಜುವುದು. ನಾಲಿಗೆಗೆ ಒಂದು ಸಣ್ಣ ಕಣ ತಾಗಿದರೂ ಗಿರಾಕಿ ವಾಪಸ್ಸು ಬರುತ್ತಾರೆ, ಹಾಗಾಗಿ ಅವನ ಬೆರಳುಗಳಿಗೆ ಯಾವ ತರಿಯನ್ನೂ ಸಹಿಸಿ ಅಭ್ಯಾಸವಿಲ್ಲ. ಕಂಪ್ಯೂಟರಿನಲ್ಲಿ ಹಾಡು ಜೋಡಿಸುವುದನ್ನು ತಾನೇ ಕಲಿತ. ಕುರ್ಚಿಯ ಸ್ಪಂಜು, ಹಳೆಯ ಮೆತ್ತೆಗಳನ್ನು ಉಗ್ರಾಣದ ಗೋಡೆಗೆಲ್ಲ ಹೊಡೆದು ಅದನ್ನೇ ಸ್ಟುಡಿಯೋ ಅಂದ.

ತೊಂದರೆ ಇದ್ದದ್ದು ಕೆಳಗಿನ ಸುತ್ತಿಗೆಯದು. ನಮ್ಮವರು ಕೆಲಸ ನಿಲ್ಲಿಸುವುದು ಟೀ ಕುಡಿಯುವಾಗ ಮಾತ್ರ. ಅವರು ಲೋಟ ಕೈಗೆತ್ತಿಕೊಂಡರೆ ನಾನು ಅಡುಗೆಮನೆಯಿಂದ "ಹ್ಞೂಂ, ಶುರು ಮಾಡ್ರೋ" ಎಂದು ಕೂಗುತ್ತಿದ್ದೆ. ಎಂಟು ಹತ್ತು ನಿಮಿಷ ಸಿಗುತ್ತಿತ್ತು. ಅಷ್ಟರಲ್ಲಿ ಎರಡು ಸಾಲು, ಅದೃಷ್ಟವಿದ್ದರೆ ಮೂರು. ಮಾರನೆಯ ದಿನ ಮುಂದಿನ ಎರಡು. ಹೀಗೆ ಟೀ ಲೋಟದ ಲೆಕ್ಕದಲ್ಲಿ ಆರು ಹಾಡು ಮುಗಿದವು. ಪೂರ್ತಿ ಹಾಡನ್ನು ಅವಳು ಒಂದೇ ಸಮ ಹಾಡಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಗ ಅದು ನನಗೆ ವಿಚಿತ್ರ ಅಂತಲೂ ಅನ್ನಿಸಲಿಲ್ಲ.

ಬಿಡುಗಡೆಗೆ ವಾರ ಇರುವಾಗ ಮಗ ಹಾಡುಗಳನ್ನು ನೆಂಟರಿಗೂ ಗೆಳೆಯರಿಗೂ ಕಳಿಸಿದ. ಎರಡನೆಯ ದಿನ ನನ್ನ ತಮ್ಮನ ಫೋನು. ಅವನು ಈಜು ಕಲಿಸುವ ಮೇಷ್ಟರು. ಕೊಳದ ಆ ದಡಕ್ಕೆ ಕೇಳುವ ಹಾಗೆ ಮಾತಾಡಿಯೇ ರೂಢಿ, ಫೋನಿನಲ್ಲೂ ಅಷ್ಟೇ.

"ಅಕ್ಕಾ! ಆ ನಾಲ್ಕನೇ ಹಾಡು! ಒಂದು ನಿಮಿಷ ಹತ್ತು ಸೆಕೆಂಡು!"

"ಅಷ್ಟೇನಾ? ಇನ್ನೂ ಉದ್ದ ಇದೆಯಲ್ಲೋ."

"ಹಾಡಲ್ಲ ಕಣೇ, ಉಸಿರು! ಶುರುವಿಂದ ಬರೀ ವಾದ್ಯ ಬರೋವರೆಗೂ ಒಂದೇ ಒಂದು ಸಲ ಉಸಿರು ತಗೊಂಡಿಲ್ಲ ನಿನ್ನ ಮಗಳು. ಮೂರು ಸಲ ಗಡಿಯಾರ ಹಿಡಿದು ನೋಡಿದೀನಿ. ನನ್ನ ಹುಡುಗರಿಗೆಲ್ಲ ಕೇಳಿಸಿದೆ. ಇದಪ್ಪಾ ಶ್ವಾಸಕೋಶ ಅಂದ್ರೆ ಅಂದೆ."

ಫೋನ್ ಇಟ್ಟ ಮೇಲೆ ನನಗೆ ಕುತೂಹಲ ತಡೆಯಲಾಗಲಿಲ್ಲ. ಪಾತ್ರೆ ತೊಳೆಯುತ್ತ ಮೊಬೈಲಿನಲ್ಲಿ ಆ ಹಾಡು ಹಾಕಿಕೊಂಡೆ, ಅವಳ ಜೊತೆ ನಾನೂ ಉಸಿರು ಹಿಡಿದೆ. ಮೂರು ತಟ್ಟೆ ಮುಗಿಯುವುದರೊಳಗೆ ಕಣ್ಣು ಕತ್ತಲೆ ಬಂತು. ನನ್ನ ಮಗಳು ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವವಳು. ಹೇಗೆ ಹಾಡಿದಳು?

ಸಂಜೆ ಅವಳನ್ನೇ ಕೇಳಿದೆ. ಅವಳು ನಕ್ಕಳು. "ಮಾವನಿಗೇನು, ಮೀನಿಗೂ ಉಸಿರು ಎಣಿಸ್ತಾರೆ." ಆದರೂ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ಕೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ತುಟಿ ಹಾಡಿನ ಜೊತೆ ಆಡುವುದನ್ನು ನಿಲ್ಲಿಸಿತು. ಮತ್ತೆ ಮೊದಲಿನಿಂದ ಹಾಕಿದಳು. ಮತ್ತೆ ನಿಂತಿತು, ಅದೇ ಜಾಗದಲ್ಲಿ.

"ಅಮ್ಮ, ನಾನು ಹೀಗೆ ಹಾಡಿಲ್ಲ," ಅಂದಳು.

ಊಟಕ್ಕೆ ಕೂತಾಗ ಮಗನ ವಿಚಾರಣೆ ಆಯಿತು.

"ಉಸಿರು ಎಲ್ಲೋ?"

"ಯಾವ ಉಸಿರು?"

"ನಂದು!"

"ಓ, ಅದಾ." ಅವನು ನೀರು ಕುಡಿದ. "ಆ ಸ್ಪಂಜಿನ ಕೋಣೆಲಿ ಉಸಿರು ಸೈಕಲ್ ಪಂಪಿನ ಥರ ಕೇಳ್ತಿತ್ತು. ಗಲೀಜಾಗಿತ್ತು, ತೆಗೆದೆ."

"ನನ್ನ ಉಸಿರು ಗಲೀಜಾ?"

"ತೆಗೆದ ಮೇಲೆ ಸಂದಿ ಉಳೀತಲ್ಲ, ಅದೂ ಸಡಿಲ ಅನ್ನಿಸ್ತು. ಸಾಲುಗಳನ್ನ ಒಂದಕ್ಕೊಂದು ಹತ್ತಿರ ಎಳೆದೆ. ಎಷ್ಟು ನುಣುಪಾಗಿ ಬಂದಿದೆ ಹೇಳು."

ಅತ್ತೆಗೆ ಎಂಬತ್ತೊಂದು. ಅವರ ಹಲ್ಲಿನ ಸೆಟ್ಟು ಮೊಮ್ಮಗನ ಕೈಕೆಲಸವೇ. "ನುಣುಪು ಅಂದ್ರೆ ನನ್ನ ಕೇಳು," ಅಂದರು. "ಉಜ್ಜಿ ಉಜ್ಜಿ ಎಷ್ಟು ನುಣುಪು ಮಾಡಿದಾನೆ ಅಂದ್ರೆ, ಜೋರಾಗಿ ನಕ್ಕರೆ ತಟ್ಟೆಗೆ ಬೀಳುತ್ತೆ."

ನಮ್ಮವರು ನಕ್ಕರು, ಮಗನೂ ನಕ್ಕ. ಪಿಟೀಲು ನಗಲಿಲ್ಲ. "ಸರಿ ಮಾಡು, ಭಾನುವಾರಕ್ಕೆ ಮುಂಚೆ," ಅಂದಳು. ಆಗುವುದಿಲ್ಲವೆಂದ ಅಣ್ಣ. ಗಿಟಾರಿನವನು, ಅಂದರೆ ನಾವು ಕಡ್ಡಿ ಎಂದು ಕರೆಯುವ ಅವಳ ಗೆಳೆಯ, ನುಡಿಸಿದ್ದೇ ಸಂದಿ ಮುಚ್ಚಿದ ಮೇಲೆ. ಈಗ ಉಸಿರು ವಾಪಸ್ಸು ತುರುಕಿದರೆ ವಾದ್ಯವೆಲ್ಲ ಕಲಸುಮೇಲೋಗರ.

ನನಗೆ ಮಾತ್ರ ಬೇರೊಂದು ಹುಳ ತಲೆಯಲ್ಲಿ. "ಅಲ್ವೋ, ತೆಗೆದ ಉಸಿರನ್ನ ಏನು ಮಾಡಿದೆ?"

"ಎಸೆದಿಲ್ಲಮ್ಮ. ಒಂದು ಕಡೆ ಇಟ್ಟಿದೀನಿ." ಅವನು ಏನನ್ನೂ ಎಸೆಯುವವನಲ್ಲ. ಹತ್ತು ವರ್ಷದ ಹಿಂದಿನ ಬಾಯಿಗಳ ಅಚ್ಚುಗಳೂ ಅವನ ಕಪಾಟಿನಲ್ಲಿವೆ.

"ಎಷ್ಟಿವೆ?"

"ನಾನೂರ ಹನ್ನೆರಡು. ಮತ್ತೆ ಮತ್ತೆ ಹಾಡಿಸಿದ್ದೂ ಸೇರಿ."

ಕೈ ತೊಳೆದವರೇ ಎಲ್ಲರೂ ಅವನ ಕಂಪ್ಯೂಟರಿನ ಮುಂದೆ ಸೇರಿದೆವು. ಅವನು ಒಂದರ ಹಿಂದೆ ಒಂದು ಕೇಳಿಸಿದ. ಹಾಡಿಲ್ಲ, ಮಾತಿಲ್ಲ, ಬರೀ ಉಸಿರು. ಮೊದಲು ನಗು ಬಂತು. ಆಮೇಲೆ ಅದೆಷ್ಟು ಬಗೆ ಅಂತ ಆಶ್ಚರ್ಯ. ಕೆಲವು ಸೂಜಿಗೆ ದಾರ ಪೋಣಿಸುವಾಗ ಎಳೆದುಕೊಳ್ಳುವ ಹಾಗೆ ಚಿಕ್ಕವು, ಕೆಲವು ತುಂಬಿದ ಕೊಡ ಎತ್ತುವ ಮುಂಚಿನ ಹಾಗೆ. "ಇದು ನೆಗಡಿ ಆಗಿದ್ದಾಗಿಂದು," ಅಂದಳು ಪಿಟೀಲು. ಇನ್ನೊಂದರ ತುದಿಯಲ್ಲಿ ಸಣ್ಣ ನಗು ಸಿಕ್ಕಿಕೊಂಡಿತ್ತು. ಮತ್ತೊಂದರ ಹಿಂದೆ ದೂರದಲ್ಲಿ ನನ್ನದೇ ದನಿ, ಮಾತು ತಿಳಿಯದು, ಯಾರನ್ನೋ ಗದರುತ್ತಿದ್ದೆ. ಇಪ್ಪತ್ತಾರು ವರ್ಷ ಸಾಕಿದ ಮಗಳು ಉಸಿರಾಡುವ ಸದ್ದನ್ನು ಇಷ್ಟು ಕಿವಿಗೊಟ್ಟು ನಾನು ಕೇಳಿದ್ದು ಅವಳು ತೊಟ್ಟಿಲಲ್ಲಿದ್ದಾಗ ಮಾತ್ರ.

ನಾಲ್ಕನೆಯ ಹಾಡಿನ ಆ ಮೊದಲ ಭಾಗದ ಪಾಲಿಗೆ ಒಂಬತ್ತು ಉಸಿರು ಬಂದಿದ್ದವು. ಮಾರನೆಯ ಸಂಜೆ ಅವನ್ನು ಅವಳು ಬೇರೆ ಮಾಡಿ ಹತ್ತಾರು ಸಲ ಕೇಳಿ, ಎಲ್ಲೆಲ್ಲಿ ತೆಗೆದುಕೊಂಡಿದ್ದೆ ಎಂದು ಹುಡುಕಿ, ಕಾಗದದಲ್ಲಿ ಗೆರೆ ಎಳೆದುಕೊಂಡು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಮುಗಿಸಿ ಕಾಗದ ಮಡಚಿದಳು.

"ಹಿಂಗೇ ಹಾಡು ಮತ್ತೆ," ಅಂದೆ.

"ಹೆಂಗಮ್ಮ? ಮಾವ ಊರಿಗೆಲ್ಲ ಡಂಗುರ ಸಾರಿದಾರೆ. ಬರೋರೆಲ್ಲ ಬರ್ತಿರೋದೇ ಆ ಹಾಡಿಗೆ. ಅಂಗಡಿ ಮೇಡಂ ಇವತ್ತು ನನ್ನ ಕೂರಿಸಿಕೊಂಡು ಕೇಳಿದ್ರು, ಅದು ಹೇಗೆ ಹಾಡ್ತೀಯಾ ಅಂತ. ಆರು ವರ್ಷದಲ್ಲಿ ಅವರು ನನ್ನ ಏನಾದ್ರೂ ಕೇಳಿದ್ದು ಅದೇ ಮೊದಲು." ಕಾಗದವನ್ನು ಇನ್ನೊಮ್ಮೆ ಮಡಚಿದಳು. "ಈಗ ಇದು ಕಂಪ್ಯೂಟರಿನ ಕೆಲಸ ಅಂತ ಗೊತ್ತಾದ್ರೆ, ಉಳಿದ ಐದು ಹಾಡೂ ಸುಳ್ಳು ಅಂತಾರೆ. ನಾನೇ ಸುಳ್ಳು ಅಂತಾರೆ."

ಅಣ್ಣತಂಗಿ ಕೂತು ಒಂದು ಉಪಾಯ ಮಾಡಿದರು. ನಾಲ್ಕನೆಯ ಹಾಡಿನಲ್ಲಿ ಅವಳ ಮುದ್ರಿತ ದನಿಯನ್ನು ಕೆಳಗೆ ಸಣ್ಣದಾಗಿ ಓಡಿಸುವುದು, ಅವಳು ಅದರ ಮೇಲೆ ಹಾಡುವುದು. ಉಸಿರು ಬೇಕಾದಾಗ ಮುಖ ಕಡ್ಡಿಯ ಕಡೆ ತಿರುಗಿಸಿದರೆ ಆಯಿತು, ಸ್ಪೀಕರ್ ಪೆಟ್ಟಿಗೆಯೊಳಗಿನ ಪಿಟೀಲು ಆ ಒಂದು ಗಳಿಗೆ ನಿಭಾಯಿಸುತ್ತದೆ. ನಾನು ಬೇಡ ಅನ್ನಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ನಾಲಿಗೆ ತುದಿಗೆ ಬಂದದ್ದನ್ನೆಲ್ಲ ಆಡಿಬಿಟ್ಟರೆ ಅವರು ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಇಪ್ಪತ್ತೆಂಟು ಜನ ಬಂದರು. ನೆಂಟರು, ನೆರೆಯವರು, ಅವಳ ಅಂಗಡಿಯವರು. ಬೆತ್ತದ ಕಂತೆಗಳನ್ನು ಒಂದು ಮೂಲೆಗೆ ಒತ್ತರಿಸಿ, ಪಾಲಿಶ್ ಹಾಕುವ ಮೇಜಿನ ಮೇಲೆ ಟೀ, ಬಿಸ್ಕತ್ತು, ಕೇಕು ಇಟ್ಟಿದ್ದೆ. ವೇದಿಕೆ ಇಲ್ಲ. ಗೋಡೆಗೆ ಬೆನ್ನು ಮಾಡಿ ಅವಳು, ಪಕ್ಕದಲ್ಲಿ ಕಡ್ಡಿ, ಅವನ ಪಕ್ಕ ಕಂಪ್ಯೂಟರು ಮತ್ತು ಎರಡು ಸ್ಪೀಕರುಗಳ ನಡುವೆ ಮಗ. ಮುಂದಿನ ಸಾಲಿನವರ ಮೊಣಕಾಲಿಗೂ ಅವಳಿಗೂ ಎರಡೇ ಗೇಣು ಅಂತರ. ಮೊದಲ ಹಾಡನ್ನು ಅವಳು ನೆಲ ನೋಡಿಕೊಂಡು ಹಾಡಿದಳು, ಎರಡನೆಯದನ್ನು ಜನರ ಮುಖ ನೋಡಿ. ಮೂರನೆಯದು ಮುಗಿದಾಗ ನಮ್ಮವರು ಚಪ್ಪಾಳೆ ತಟ್ಟುತ್ತ ವಕೀಲರ ಕುರ್ಚಿಯ ಮೇಲೆ ತಾವೇ ಅಲ್ಲಾಡಿಬಿಟ್ಟರು.

ಆಗ ನನ್ನ ತಮ್ಮ ಎದ್ದು ನಿಂತ. ಕೈಯಲ್ಲಿ ಕೊಳದ ಬಳಿ ಬಳಸುವ ಗಡಿಯಾರ.

"ಈಗ ನಾಲ್ಕನೇದು! ಎಲ್ಲರೂ ಅವಳ ಜೊತೆ ಉಸಿರು ಹಿಡೀರಿ. ಯಾರು ಎಲ್ಲಿವರೆಗೆ ಬರ್ತೀರ ನೋಡೇಬಿಡೋಣ. ಬಿಟ್ಟೋರು ಕೈ ಎತ್ತಬೇಕು. ಮೋಸ ಇಲ್ಲ!"

"ಕೂತ್ಕೊಳೋ," ಅಂದೆ ನಾನು ಹಿಂದಿನಿಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರಿಗೂ ಆಟವೆಂದರೆ ಹಬ್ಬ. ಬೆನ್ನು ನೆಟ್ಟಗೆ ಮಾಡಿ ಕೂತರು. ಮುಂದಿನ ಸಾಲಿನಲ್ಲಿದ್ದ ಅತ್ತೆ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡದ್ದು ನನಗೆ ಕಂಡಿತು. ಇಸ್ಪೀಟಿನಲ್ಲಿ ಮೊಮ್ಮಕ್ಕಳ ಎದುರೂ ಸೋಲೊಪ್ಪದ ಹೆಂಗಸು ಅವರು.

ಪಿಟೀಲು ಅಣ್ಣನ ಕಡೆ ನೋಡಿದಳು. ಅವನು ಗುಂಡಿ ಒತ್ತಿದ. ಹಾಡು ಶುರುವಾಯಿತು.

ಮೊದಲು ಕೈ ಎತ್ತಿದವರು ನಮ್ಮವರು, ಕೆಮ್ಮುತ್ತ. ಆಮೇಲೆ ಪಕ್ಕದ ಮನೆಯವರು. ಅಲ್ಲೊಂದು ಇಲ್ಲೊಂದು ಕೈ ಏಳುತ್ತ ಹೋದವು. ಮಗಳು ಒಮ್ಮೆ ಕಡ್ಡಿಯ ಕಡೆ ತಿರುಗಿದಳು, ಇನ್ನೊಮ್ಮೆ ತಿರುಗಿದಳು. ಗೊತ್ತಿದ್ದ ನನಗೇ ಎರಡು ದನಿ ಬೇರೆ ಬೇರೆ ಎಂದು ಕೇಳಲಿಲ್ಲ. ಹಾಡು ಯಾರ ಕಿವಿಗೆ ಬೀಳುತ್ತಿತ್ತೋ ಕಾಣೆ. ಎಲ್ಲರ ಕಣ್ಣೂ ಒಬ್ಬರ ಮುಖ ಇನ್ನೊಬ್ಬರು ನೋಡುವುದರಲ್ಲೇ ಇತ್ತು.

ನಲವತ್ತು ಸೆಕೆಂಡು ಕಳೆಯುವ ಹೊತ್ತಿಗೆ ಉಳಿದವರು ಇಬ್ಬರೇ. ನನ್ನ ತಮ್ಮ ಮತ್ತು ಅತ್ತೆ. ತಮ್ಮ ಆರಾಮಾಗಿದ್ದ. ಅತ್ತೆಯ ಕೆನ್ನೆ ಉಬ್ಬಿ, ಮುಖ ಕೆಂಪಾಗಿ, ಕಣ್ಣು ಮೊಮ್ಮಗಳ ಬಾಯಿಯ ಮೇಲೇ ನೆಟ್ಟಿತ್ತು. ಇವಳು ಉಸಿರು ತೆಗೆದುಕೊಂಡರೆ ತಾನೂ ತೆಗೆದುಕೊಳ್ಳಬಹುದು ಎಂದು ಕಾಯುತ್ತಿದ್ದರು. ಆದರೆ ಪೆಟ್ಟಿಗೆಯಲ್ಲಿದ್ದವಳು ಉಸಿರು ತೆಗೆದುಕೊಳ್ಳುವವಳೇ ಅಲ್ಲವಲ್ಲ. ನಾನು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಮುಂದೆ ನುಗ್ಗಿದೆ. ನಾಲ್ಕು ಕುರ್ಚಿ ಅಡ್ಡ ಇದ್ದವು.

ನನಗಿಂತ ಮುಂಚೆ ಪಿಟೀಲು ಅವರನ್ನು ತಲುಪಿದಳು.

"ಅಜ್ಜೀ! ಉಸಿರು ಬಿಡು! ಬಿಡಜ್ಜೀ!"

ಹೀಗೆಂದು ಅವಳು ಅಜ್ಜಿಯ ಭುಜ ಹಿಡಿದು ಅಲ್ಲಾಡಿಸುತ್ತಿದ್ದರೆ, ಸ್ಪೀಕರಿನಲ್ಲಿ ಅವಳೇ ಸಲೀಸಾಗಿ ಮುಂದಿನ ಸಾಲು ಹಾಡುತ್ತಿದ್ದಳು.

ಅತ್ತೆ ಉಸಿರು ಬಿಟ್ಟರು, ಎಳೆದುಕೊಂಡರು, ಮತ್ತೆ ಬಿಟ್ಟರು. ಇಪ್ಪತ್ತೆಂಟು ತಲೆಗಳು ಮಗಳಿಂದ ಸ್ಪೀಕರಿಗೆ, ಸ್ಪೀಕರಿನಿಂದ ಮಗಳಿಗೆ ತಿರುಗಿದವು. ಪಾಪ ಕಡ್ಡಿ ತಲೆ ತಗ್ಗಿಸಿ ನುಡಿಸುತ್ತಲೇ ಇದ್ದ. ಮಗ ಗುಂಡಿಯ ಮೇಲೆ ಕೈ ಇಟ್ಟವನು ಒತ್ತುವುದನ್ನು ಮರೆತು ಕೂತಿದ್ದ. ಕೊನೆಗೆ ಒತ್ತಿದ. ಕಡ್ಡಿಯೂ ಕೈ ನಿಲ್ಲಿಸಿದ.

ಮೊದಲು ಮಾತಾಡಿದವರು ಅತ್ತೆ. ಹಲ್ಲಿಲ್ಲದ ಬಾಯಲ್ಲಿ, ಸಿಟ್ಟಿನಿಂದ: "ಯಾಕೇ ಕೆಡಿಸಿದೆ? ಗೆಲ್ತಿದ್ದೆ ನಾನು!"

ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ಕೇಳಿದವನು ನನ್ನ ತಮ್ಮ. ಈ ಸಲ ಅವನ ದನಿ ಸಣ್ಣದಾಗಿತ್ತು.

"ಪಿಟೀಲೂ, ಆ ಪೆಟ್ಟಿಗೆಲಿ ಹಾಡ್ತಿದ್ದೋರು ಯಾರಮ್ಮ?"

"ಅದೂ ನಾನೇ ಮಾವ," ಅಂದಳು. ಕಿವಿ ಕೆಂಪಾಗಿದ್ದವು. "ಅಣ್ಣ ಉಸಿರು ಕತ್ತರಿಸಿ ತೆಗೆದಿರೋ ನಾನು. ಒಂದೇ ಉಸಿರಲ್ಲಿ ನಾನು ಯಾವತ್ತೂ ಹಾಡಿಲ್ಲ. ನನ್ನ ಕೈಲಿ ಆಗಲ್ಲ."

"ತಪ್ಪು ನಂದು," ಎಂದು ಮಗ ಎದ್ದು ನಿಂತ. "ನಾನೇ ಉಜ್ಜಿಬಿಟ್ಟೆ."

ಅಂಗಡಿಯ ಮೇಡಂ ಕನ್ನಡಕ ಸರಿಮಾಡಿಕೊಂಡರು. ಅವಳು ಹೆದರಿದ್ದ ಪ್ರಶ್ನೆ ಅವರ ಬಾಯಿಂದಲೇ ಬಂತು. "ಹಾಗಾದ್ರೆ ಉಳಿದ ಹಾಡು?"

"ಎಲ್ಲದರಲ್ಲೂ ತೆಗೆದಿದಾನೆ ಮೇಡಂ. ಈಗ ಮೂರು ಹಾಡಿದ್ನಲ್ಲ, ಅದು ಮಾತ್ರ ಇದೇ ಬಾಯಿ." ಅವಳು ಮೇಜಿನ ಕಡೆ ಕೈ ತೋರಿಸಿದಳು. "ಯಾರಿಗಾದ್ರೂ ಹೊರಡಬೇಕು ಅನ್ನಿಸಿದ್ರೆ ಟೀ ಕುಡ್ಕೊಂಡು ಹೊರಡಿ."

ಯಾರೂ ಏಳಲಿಲ್ಲ. ನನ್ನ ತಮ್ಮ ಗಡಿಯಾರವನ್ನು ಜೇಬಿಗೆ ಹಾಕಿ, ತಾನು ಕೂತಿದ್ದ ಕುರ್ಚಿಯನ್ನು ಅವಳ ಎದುರಿಗೇ ಎಳೆದುಕೊಂಡ. ನೀರಿನ ದಡದಲ್ಲಿ ಹೊಸಬರ ಮುಂದೆ ಹೀಗೆಯೇ ಕೂರುತ್ತಾನೆ, ನಾನು ನೋಡಿದ್ದೇನೆ.

"ಉಸಿರು ಹಿಡಿಯೋದೇನು, ಎಮ್ಮೆನೂ ಹಿಡಿಯುತ್ತೆ," ಅಂದ. "ಎಲ್ಲಿ ತಗೋಬೇಕು ಅಂತ ಕಲಿಸೋದಕ್ಕೇ ಕೊಳದೋರು ನನ್ನ ಇಟ್ಕೊಂಡಿರೋದು. ನೀನು ಎಲ್ಲೆಲ್ಲಿ ತಗೋತೀಯಾ? ಹಾಡು, ನೋಡೋಣ."

"ನಿಜವಾಗ್ಲೂ?"

"ನನಗೂ ಗೊತ್ತಾಗಬೇಕು ಕಣೇ."

ಅವಳು ಕಡ್ಡಿಗೆ ಏನೋ ಪಿಸುಗುಟ್ಟಿದಳು. ಅವನು ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾದ. ಅವಳೊಬ್ಬಳೇ ಶುರು ಮಾಡಿದಳು. ಮೊದಲ ಉಸಿರು ಎಲ್ಲರಿಗೂ ಕೇಳಿತು, ನಿಜಕ್ಕೂ ಸೈಕಲ್ ಪಂಪಿನ ಹಾಗೆಯೇ.

*ಮೆಟ್ಟಿಲಿಳಿದು ಹೊರಟ ಬೆಳಕೇ,*
*ಎಲ್ಲಿಗೆ ಅಂತ ಹೇಳಿ ಹೋಗು,*
*ಬಾಗಿಲಿಲ್ಲದ ಮನೆಗೆ ನೀನು*
*ಹೇಗೆ ಬರುವೆ ನಾಳೆಗೆ?*

'ಎಲ್ಲಿಗೆ' ಎಂದು ಕೇಳಿ ಅಲ್ಲಿ ನಿಂತು ಉಸಿರು ತೆಗೆದುಕೊಂಡಳು. ಯಾರನ್ನೋ ಕೂಗಿ ಕೇಳಿ ಉತ್ತರಕ್ಕೆ ಕಿವಿಗೊಟ್ಟ ಹಾಗೆ. ಮುದ್ರಿಸಿದ ಹಾಡಿನಲ್ಲಿ ಆ ಪ್ರಶ್ನೆ ಪ್ರಶ್ನೆಯೆಂದೇ ನನಗೆ ತಿಳಿದಿರಲಿಲ್ಲ, ಅಷ್ಟು ಬೇಗ ದಾಟಿಹೋಗುತ್ತಿತ್ತು. 'ಹೇಗೆ' ಎಂಬಲ್ಲಿ ಇನ್ನೊಂದು, ಸಣ್ಣದು. ನನ್ನ ತಮ್ಮ ಒಂದೊಂದಕ್ಕೂ ಬೆರಳು ಮಡಚುತ್ತಿದ್ದವನು ನಾಲ್ಕಕ್ಕೆ ಮರೆತು ಕೇಳುತ್ತ ಕೂತ. ಮಗ ಕಂಪ್ಯೂಟರಿನ ಪರದೆ ಮಡಚಿ, ಕಣ್ಣು ಕಿರಿದು ಮಾಡಿ ತಂಗಿಯನ್ನೇ ನೋಡುತ್ತಿದ್ದ. ಹೊಸ ಬಾಯಿಯ ಅಚ್ಚು ಕೈಗೆ ಬಂದಾಗ ಹಾಗೆ ನೋಡುತ್ತಾನೆ.

ಹಾಡು ಮುಗಿಯಿತು. ಅಂಗಡಿಯ ಮೇಡಂ ಶಾಲೆಯ ಮಗುವಿನಂತೆ ಒಂದು ಕೈ ಎತ್ತಿದರು.

"ಒಂದು ಕೇಳಲಾ? ಆ ಬೆಳಕು ಇಳಿಯುತ್ತಲ್ಲ, ಯಾವ ಮೆಟ್ಟಿಲು ಅದು? ಸುಮ್ಮನೆ ಬರೆದದ್ದಾ, ಇದೆಯಾ?"

ಪಿಟೀಲು ಆ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. "ಇದೆ," ಅಂದಳು. "ಇಲ್ಲೇ, ಹಿಂದಗಡೆ. ಮೇಲಿನ ಕಿಟಕಿಯಿಂದ ಬಿಸಿಲು ಬಿದ್ದು, ಐದು ಗಂಟೆ ಆಗ್ತಾ ಒಂದೊಂದೇ ಮೆಟ್ಟಿಲು ಇಳಿಯುತ್ತೆ. ಕೊನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಹೋಗಿಬಿಡುತ್ತೆ. ಎಲ್ಲಿ ಹೋಗುತ್ತೆ ಅಂತ ನೋಡೋಕೇ ಆಗಿಲ್ಲ ನನಗೆ."

"ಈಗ ಗಂಟೆ ಎಷ್ಟು?" ಅಂದರು ಮೇಡಂ.

ಐದಕ್ಕೆ ಹತ್ತು ನಿಮಿಷವಿತ್ತು. ಮೇಡಂ ಎದ್ದರು. ಅವರ ಹಿಂದೆ ಪಕ್ಕದ ಮನೆಯವರು, ಆಮೇಲೆ ಎಲ್ಲರೂ. ಕುರ್ಚಿಗಳೆಲ್ಲ ಕಿರ್ರೆಂದವು. ನಮ್ಮವರು "ಎತ್ತಿ ಇಡ್ರಪ್ಪಾ, ಎಳೀಬೇಡಿ!" ಎಂದು ಕೂಗಿದರು. ದಿನಕ್ಕೆ ಇಪ್ಪತ್ತು ಸಲ ಹತ್ತಿಳಿಯುವ ಮೆಟ್ಟಿಲನ್ನು ನೋಡಲು ಜನ ಹೋಗುತ್ತಿದ್ದಾರಲ್ಲ ಎಂದು ನಾನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಟೆ. ಹೋದರೆ ಬುಡದಲ್ಲಿ ಕಾಲಿಡಲು ಜಾಗವಿಲ್ಲ. ಅಂಗೈಯಗಲದ ಬಿಸಿಲು ಮೇಲಿನಿಂದ ಏಳನೆಯ ಮೆಟ್ಟಿಲ ಮೇಲೆ ಕೂತಿತ್ತು. ಇಪ್ಪತ್ತೆಂಟು ಜನ ಕತ್ತೆತ್ತಿ ಅದು ಅಲುಗುವುದನ್ನು ಕಾಯುತ್ತಿದ್ದರು.

ಐದನೆಯ ಹಾಡು ಹಾಡಬೇಕಿದ್ದವಳು ಮೈಕಿನ ಮುಂದೆ ಸ್ವಲ್ಪ ಹೊತ್ತು ಒಬ್ಬಳೇ ನಿಂತಿದ್ದು, ಆಮೇಲೆ ಚಪ್ಪಲಿ ಬಿಟ್ಟು ಜನರ ನಡುವೆ ತೂರಿಕೊಂಡು ಬಂದಳು.

"ಅಲ್ಲಲ್ಲ, ಹಂಗೆ ನಿಂತ್ರೆ ಕಾಣಲ್ಲ," ಅಂದಳು. "ಎಲ್ಲರೂ ಈ ಕಡೆ ಬನ್ನಿ. ಬಗ್ಗಿ. ಹ್ಞಾ, ಈಗ ನೋಡಿ."